ಚಾಕು ನೋಡಿ ಕಲ್ಲು ಆರಿಸಿ: ಮಸೆಯಲು ಕಲಿಯುವವರಿಗೆ ಟಿಪ್ಪಣಿ

ನಮ್ಮೂರು ಬಾದಾಮಿ ಕಡೆ. ಕುಡುಗೋಲು ಮೊಂಡಾದರೆ ಬದುವಿನ ಮರಳುಗಲ್ಲಿಗೆ ನೀರು ಚಿಮುಕಿಸಿ ತಿಕ್ಕುತ್ತೇವೆ, ಸ್ವಲ್ಪ ಹೊತ್ತಿನಲ್ಲೇ ಹರಿತವಾಗುತ್ತದೆ. ವಿಜಯಪುರದ ಹತ್ತಿರ ನಮ್ಮ ಮಾವನ ಹೊಲದಲ್ಲಿ ಸಿಗುವುದು ಕರಿಕಲ್ಲು. ಅದರ ಮೇಲೆ ಅದೇ ಕುಡುಗೋಲು ಎಷ್ಟು ತಿಕ್ಕಿದರೂ ಜಾರುತ್ತದೆ. ಯಾಕೆ? ಇದು ತಿಳಿದರೆ ಅಂಗಡಿಯಲ್ಲಿ ಕಲ್ಲು ಆರಿಸುವುದು ಅರ್ಧ ಬಂದ ಹಾಗೆ.

ಮರಳುಗಲ್ಲಿನ ತುಂಬ ಕ್ವಾರ್ಟ್ಜ್ ಎಂಬ ಖನಿಜದ ಕಾಳುಗಳಿವೆ. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಹೇಳುವ ಮೋಸ್ ಅಳತೆಯಲ್ಲಿ ಅದರದ್ದು 7. ಕಮ್ಮಾರ ಬಡಿದ ಕುಡುಗೋಲು ಅದಕ್ಕಿಂತ ಮೆತ್ತಗೆ. ಇದಕ್ಕಿಂತ ದೊಡ್ಡ ಗುಣ ಇನ್ನೊಂದಿದೆ. ಸವೆದ ಕಾಳು ಕಳಚಿ ಬೀಳುತ್ತದೆ, ಕೆಳಗಿನ ಚೂಪು ಕಾಳು ಮೇಲೆ ಬರುತ್ತದೆ. ಕರಿಕಲ್ಲಿನ ಹರಳುಗಳ ಗಡಸುತನ ಸುಮಾರು 6. ಜೊತೆಗೆ ಅವು ಬಿಗಿಯಾಗಿ ಹೆಣೆದುಕೊಂಡಿರುತ್ತವೆ, ಕಳಚುವುದೇ ಇಲ್ಲ. ಇಳಕಲ್ಲಿನ ಕೆಂಪು ಗ್ರಾನೈಟ್‌ನಲ್ಲಿ ಕ್ವಾರ್ಟ್ಜ್ ಇದೆ, ಆದರೂ ಈ ಬಿಗಿತದಿಂದಲೇ ಅದು ತಿಕ್ಕಿದಷ್ಟೂ ನುಣುಪಾಗುತ್ತದೆ.

ಹಾಗಾದರೆ ಅಡುಗೆಮನೆಯ ಸ್ಟೇನ್‌ಲೆಸ್ ಚಾಕುವಿಗೆ ಮರಳುಗಲ್ಲು ಸಾಕಾ? ಸಾಲದು. ಆ ಸ್ಟೀಲಿನೊಳಗಿನ ಕ್ರೋಮಿಯಂ ಕಾರ್ಬೈಡ್ ಕಣಗಳು ಕ್ವಾರ್ಟ್ಜ್‌ಗಿಂತ ಗಡುಸು. ಅದಕ್ಕೆ ಕಾರ್ಬೊರಂಡಮ್ ಬೇಕು, ಅಂದರೆ ಸಿಲಿಕಾನ್ ಕಾರ್ಬೈಡ್. ಗಡಸುತನ 9ಕ್ಕೂ ಮೇಲೆ. ಅಮೆರಿಕದ ಎಡ್ವರ್ಡ್ ಅಚೆಸನ್ ಇದಕ್ಕೆ 1893ರಲ್ಲಿ ಪೇಟೆಂಟ್ ಪಡೆದ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಬೂದು ಬಣ್ಣದ, ಒಂದು ಮುಖ ಒರಟು ಇನ್ನೊಂದು ಮುಖ ನುಣುಪು ಇರುವ ಕಲ್ಲು ಸಾಮಾನ್ಯವಾಗಿ ಇದೇ.

ಇನ್ನು ಗ್ರಿಟ್, ಅಂದರೆ ಕಲ್ಲಿನ ಕಾಳು ಎಷ್ಟು ಸಣ್ಣದು ಅಂತ ಹೇಳುವ ನಂಬರ್. ನಂಬರ್ ಜಾಸ್ತಿಯಾದಷ್ಟೂ ಕಾಳು ಸಣ್ಣದು. ನಾನು ಮೊದಲು ತಂದದ್ದು 3000ದ ಕಲ್ಲು. ಪೂರ್ತಿ ಮೊಂಡಾಗಿದ್ದ ಚಾಕುವನ್ನು ಒಂದು ತಾಸು ತಿಕ್ಕಿದೆ. ಹೊಳಪು ಬಂತು, ಟೊಮೆಟೊ ಸಿಪ್ಪೆ ಮಾತ್ರ ಹರಿಯಲಿಲ್ಲ. ಅಂಚೇ ಇಲ್ಲದ ಕಡೆ ನುಣುಪು ಕಲ್ಲು ಏನೂ ಮಾಡಲಾರದು. ಮೊದಲು 300, 400ರ ಕಲ್ಲಿನಲ್ಲಿ ಅಂಚು ಕಟ್ಟಬೇಕು, ಆಮೇಲೆ 1000. ಉಳ್ಳಾಗಡ್ಡಿ, ಬದನೆಕಾಯಿ ಹೆಚ್ಚುವ ಚಾಕುವಿಗೆ ಅಲ್ಲಿಗೆ ನಿಲ್ಲಿಸಬಹುದು. ಒಂದೇ ಕಲ್ಲು ಕೊಳ್ಳುವುದಾದರೆ 1000ದ್ದೇ ಕೊಳ್ಳಿ. ಮೀನು, ಮಾಂಸವನ್ನು ತೆಳುವಾಗಿ ಕೊಯ್ಯುವವರು 3000ಕ್ಕೆ ಹೋಗಲಿ.

ಕುಡುಗೋಲಿಗೆ ಇಷ್ಟು ನುಣುಪು ಬೇಡವೇ ಬೇಡ. ಮಾವ ನನಗೆ ಹೇಳಿದ್ದು: "ಕನ್ನಡಿ ಹಂಗ ಮಾಡಬ್ಯಾಡೋ, ಜೋಳದ ದಂಟಿನ ಮ್ಯಾಲೆ ಜಾರತೈತಿ." ನಿಜ. ಒರಟು ಕಲ್ಲು ಬಿಟ್ಟ ಸಣ್ಣ ಹಲ್ಲುಗಳೇ ದಂಟನ್ನು ಹಿಡಿಯುವುದು. ಕುಡುಗೋಲು, ಈಳಿಗೆಗಳ ಅಲಗು ಬಾಗಿರುತ್ತದೆ, ಅಗಲ ಕಲ್ಲು ಪೂರ್ತಿ ಮುಟ್ಟುವುದಿಲ್ಲ. ಅಲಗನ್ನು ಅಲ್ಲಾಡದಂತೆ ಇಟ್ಟು, ಕೈಯಲ್ಲಿ ಹಿಡಿಯುವ ಸಣ್ಣ ಕಲ್ಲನ್ನೇ ಅದರ ಮೇಲೆ ಆಡಿಸಿ. ಬೆರಳು ಅಂಚಿನಿಂದ ಹಿಂದೆ ಇರಲಿ. ಬ್ರೆಡ್ ಕೊಯ್ಯುವ ಹಲ್ಲಿನ ಚಾಕುವಿಗೆ ದುಂಡನೆಯ ಕಡ್ಡಿ ಕಲ್ಲು ಬೇಕು.

ಅಲಗಿಗೂ ಕಲ್ಲಿಗೂ ನಡುವಿನ ಕೋನ ಹಿಡಿಯುವುದೇ ಕಷ್ಟದ ಭಾಗ. ಕಣ್ಣಂದಾಜು ನಂಬಬೇಡಿ, ಅಳೆಯಿರಿ. ಅಲಗು 4 ಸೆಂಟಿಮೀಟರ್ ಅಗಲ ಇದ್ದರೆ, ಬೆನ್ನನ್ನು ಕಲ್ಲಿನಿಂದ 1 ಸೆಂಟಿಮೀಟರ್ ಎತ್ತಿದಾಗ ಸುಮಾರು 15 ಡಿಗ್ರಿ, 1.4 ಎತ್ತಿದಾಗ 20 ಡಿಗ್ರಿ. ಮನೆ ಚಾಕುವಿಗೆ 20 ಸರಿ. ಎಲುಬು ಕಡಿಯುವ ಮಚ್ಚಿಗೆ 25 ದಾಟಲಿ, ಇಲ್ಲದಿದ್ದರೆ ಬಾಯಿ ಮುಕ್ಕಾಗುತ್ತದೆ.

ಒಂದು ಬದಿ ಸಾಕಾಯಿತು ಅಂತ ಹೇಗೆ ಗೊತ್ತಾಗುತ್ತದೆ? ಇನ್ನೊಂದು ಬದಿಯಲ್ಲಿ ಹೆಬ್ಬೆರಳನ್ನು ಬೆನ್ನಿನಿಂದ ಅಂಚಿನ ಕಡೆಗೆ ಮೆಲ್ಲಗೆ ಸರಿಸಿ. ಕೂದಲೆಳೆಯಷ್ಟು ತರಿ ಬೆರಳಿಗೆ ಸಿಕ್ಕಿಕೊಳ್ಳುತ್ತದೆ. ಇದೇ ಬರ್. ಹಿಡಿಯಿಂದ ತುದಿಯವರೆಗೆ ಅದು ಸಿಗುವ ತನಕ ಬದಿ ಬದಲಿಸಬೇಡಿ. ಕೊನೆಗೆ ಎರಡೂ ಬದಿ ಹಗುರವಾಗಿ ಎಳೆದು ಅದನ್ನು ತೆಗೆಯಿರಿ.

ನೀರುಗಲ್ಲು, ಅಂದರೆ ನೀರು ಹಾಕಿ ಮಸೆಯುವ ಕಲ್ಲು, ನಡುವೆ ಬೇಗ ಸವೆದು ತಗ್ಗಾಗುತ್ತದೆ. ಅದನ್ನು ಮತ್ತೆ ಸಮ ಮಾಡಲು ಮುಖದ ಮೇಲೆ ಪೆನ್ಸಿಲ್‌ನಿಂದ ಅಡ್ಡ ಉದ್ದ ಗೆರೆ ಎಳೆಯಿರಿ. ದಪ್ಪ ಗಾಜಿನ ಮೇಲೆ ಒರಟು ವಾಟರ್ ಪೇಪರ್ (ನೀರು ಹಾಕಿ ತಿಕ್ಕುವ ಉಪ್ಪುಕಾಗದ) ಹಾಸಿ, ನೀರು ಬಿಟ್ಟು, ಗೆರೆಗಳೆಲ್ಲ ಅಳಿಸುವವರೆಗೆ ಕಲ್ಲನ್ನು ಅದರ ಮೇಲೆ ತಿಕ್ಕಿ.