ಕಂಪ್ಯಾಟಿಬಿಲಿಟಿ ಲೇಯರ್: ವಿಂಡೋಸ್ ಗೇಮಿನ ಕರೆಗೆ ಲಿನಕ್ಸ್‌ನಲ್ಲಿ ಓಗೊಡುವವರು ಯಾರು?

ವಿಂಡೋಸ್ ಬದಲು ಲಿನಕ್ಸ್ ಬಳಸುತ್ತೇನೆ ಅಂದ ತಕ್ಷಣ ಎದುರಿಗಿದ್ದವರು ಕೇಳುವುದು ಒಂದೇ: "ಅದರಲ್ಲಿ ಗೇಮ್ ಆಡೋಕಾಗುತ್ತಾ?" ಆಗುತ್ತೆ ಅಂದರೆ ಎರಡನೇ ಪ್ರಶ್ನೆ ರೆಡಿ: "ಓಹೋ, ಎಮ್ಯುಲೇಟರ್ ಹಾಕಿದ್ದೀರಾ?" ಇಲ್ಲ, ಹಾಕಿಲ್ಲ. ಅದರ ಹೆಸರು ಕಂಪ್ಯಾಟಿಬಿಲಿಟಿ ಲೇಯರ್. ಹೊಂದಾಣಿಕೆಯ ಪದರ ಅಂತ ಕನ್ನಡ ಮಾಡಬಹುದು, ಆದರೆ ಆ ಹೆಸರು ಕೇಳಿ ಯಾರಿಗೂ ಏನೂ ಹೊಳೆಯುವುದಿಲ್ಲ. ನನ್ನನ್ನು ಕೇಳಿದರೆ "ಓಗೊಡುವ ಪದರ" ಅನ್ನುತ್ತೇನೆ. ಯಾಕೆ ಅಂತ ಗೊತ್ತಾಗಲು ಸ್ವಲ್ಪ ಒಳಗೆ ಇಳಿಯಬೇಕು.

ಯಾವುದಾದರೂ ವಿಂಡೋಸ್ ಗೇಮಿನ ಇಎಕ್ಸ್‌ಇ ಫೈಲನ್ನು, ಒಂದೊಂದು ಬೈಟನ್ನೂ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ತೆರೆದು ನೋಡಿ. ಮೊದಲ ಎರಡು ಅಕ್ಷರ "ಎಂ" ಮತ್ತು "ಝಡ್". ಡಾಸ್ ಕಾಲದಲ್ಲಿ ಈ ಫೈಲ್ ಫಾರ್ಮ್ಯಾಟ್ ಮಾಡಿದ ಮೈಕ್ರೋಸಾಫ್ಟ್ ಎಂಜಿನಿಯರ್ ಮಾರ್ಕ್ ಜ್ಬಿಕೊವ್‌ಸ್ಕಿ ಅವರ ಇನಿಶಿಯಲ್ ಅದು, ಇವತ್ತಿಗೂ ಅಲ್ಲೇ ಕೂತಿದೆ. ಲಿನಕ್ಸ್ ಪ್ರೋಗ್ರಾಂ ಫೈಲುಗಳ ತಲೆಯಲ್ಲಿ ಇರುವುದು "ಇ ಎಲ್ ಎಫ್" ಎಂಬ ಬೇರೆ ಗುರುತು. ಹಾಗಾಗಿ ಇಎಕ್ಸ್‌ಇ ಕೊಟ್ಟರೆ ಲಿನಕ್ಸ್ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ಒಳತಿರುಳು, ಇದು ನನಗೆ ಗೊತ್ತಿಲ್ಲ ಅಂತ ಕೈಚೆಲ್ಲುತ್ತದೆ. ಆದರೆ ಆ ತಲೆಬರಹ ದಾಟಿ ಒಳಗೆ ಹೋದರೆ ಇರುವುದು ಪ್ರೊಸೆಸರಿಗೆ ಹೇಳುವ ಸೂಚನೆಗಳು. ಕೂಡು, ಕಳೆ, ಇಲ್ಲಿಂದ ಅಲ್ಲಿಗೆ ಹಾರು. ಅದೇ ಇಂಟೆಲ್ ಅಥವಾ ಎಎಂಡಿ ಚಿಪ್ಪು, ಅದೇ ಸೂಚನೆ. ಅದನ್ನು ಅನುವಾದ ಮಾಡುವ ಕೆಲಸವೇ ಇಲ್ಲ.

ಹಾಗಾದರೆ ತೊಡಕು ಎಲ್ಲಿ? ಗೇಮ್ ಎಲ್ಲವನ್ನೂ ತಾನೇ ಮಾಡುವುದಿಲ್ಲ. ಡಿಸ್ಕಿನಿಂದ ಫೈಲ್ ತೆರೆಯಬೇಕು, ಪರದೆ ಮೇಲೆ ಕಿಟಕಿ ಮೂಡಿಸಬೇಕು, ಮೌಸ್ ಎಲ್ಲಿದೆ ತಿಳಿಯಬೇಕು ಅಂದರೆ ಅದು ಆಪರೇಟಿಂಗ್ ಸಿಸ್ಟಮ್ಮನ್ನು ಕರೆಯುತ್ತದೆ. ಪ್ರೋಗ್ರಾಮರುಗಳ ಭಾಷೆಯಲ್ಲೂ ಅದಕ್ಕೆ ಕರೆ ಅಂತಲೇ ಹೆಸರು, ಫಂಕ್ಷನ್ ಕಾಲ್. ವಿಂಡೋಸ್ ಗೇಮ್ ಕರೆಯುವುದು ವಿಂಡೋಸನ್ನು. ಲಿನಕ್ಸ್‌ನಲ್ಲಿ ಆ ಹೆಸರಿನವರು ಯಾರೂ ಇಲ್ಲ. ಆಗ ಮಧ್ಯೆ ನಿಂತು, ವಿಂಡೋಸ್‌ನ ವೇಷ ಹಾಕಿಕೊಂಡು, ಕರೆಗೆ ಓಗೊಟ್ಟು, ಕೆಲಸವನ್ನು ಲಿನಕ್ಸ್ ಕೈಲಿ ಮಾಡಿಸಿ ಉತ್ತರ ತಂದುಕೊಡುವುದೇ ಕಂಪ್ಯಾಟಿಬಿಲಿಟಿ ಲೇಯರ್. ಇಷ್ಟೇ ಅರ್ಥ.

ಒಂದು ಕರೆಯನ್ನು ಹಿಂಬಾಲಿಸಿ ನೋಡೋಣ. ಗೇಮ್ ತನ್ನ ಸೇವ್ ಫೈಲ್ ಬೇಕು ಅಂತ ಕ್ರಿಯೇಟ್‌ಫೈಲ್ ಎಂಬ ಫಂಕ್ಷನ್ನನ್ನು ಕರೆಯುತ್ತದೆ. ಸಿ ಡ್ರೈವಿನಲ್ಲಿ ಇಂಥ ಫೋಲ್ಡರ್, ಇಂಥ ಫೈಲ್ ಅನ್ನುತ್ತದೆ. ಲಿನಕ್ಸ್‌ನಲ್ಲಿ ಸಿ ಡ್ರೈವ್ ಎಲ್ಲಿಂದ ಬರಬೇಕು? ಇಂಥ ಪದರಗಳಲ್ಲಿ ಒಂದಾದ ವೈನ್ ನಿಮ್ಮ ಹೋಮ್ ಫೋಲ್ಡರಿನಲ್ಲಿ ತನ್ನದೇ ಹೆಸರಿನ ಒಂದು ಅಡಗಿದ ಫೋಲ್ಡರ್ ಇಟ್ಟಿರುತ್ತದೆ, ಅದರೊಳಗೆ ಡ್ರೈವ್-ಸಿ ಅಂತ ಇನ್ನೊಂದು. ಅದೇ ಸಿ ಡ್ರೈವ್. ಇನ್ನು ಫೋಲ್ಡರ್ ಹೆಸರುಗಳ ನಡುವೆ ವಿಂಡೋಸ್ ಹಾಕುವ, ಹಿಂದಕ್ಕೆ ವಾಲಿದ ಗೀಟುಗಳನ್ನು ಮುಂದಕ್ಕೆ ವಾಲಿಸಬೇಕು. ಅದು ಸುಲಭ. ಕಿರಿಕಿರಿ ಇರುವುದು ದೊಡ್ಡಕ್ಷರ ಸಣ್ಣಕ್ಷರದಲ್ಲಿ. ವಿಂಡೋಸಿಗೆ ಇಂಗ್ಲಿಷ್ ಹೆಸರನ್ನು ದೊಡ್ಡಕ್ಷರದಲ್ಲಿ ಬರೆದರೂ ಒಂದೇ, ಸಣ್ಣಕ್ಷರದಲ್ಲಿ ಬರೆದರೂ ಒಂದೇ. ಲಿನಕ್ಸಿಗೆ ಅವು ಎರಡು ಬೇರೆ ಫೈಲುಗಳು. ಹೆಸರು ನೇರವಾಗಿ ಸಿಗದಿದ್ದರೆ ಫೋಲ್ಡರ್ ಪೂರ್ತಿ ಹುಡುಕಿ, ಅಕ್ಷರದ ಗಾತ್ರ ಲೆಕ್ಕಿಸದೆ ಹೋಲಿಸಿ, ಸಿಕ್ಕಿದ್ದನ್ನು ಲಿನಕ್ಸ್ ಕೈಲಿ ತೆರೆಸಿ ಕೊಡಬೇಕು. ಇದೆಲ್ಲ ಆಗುವುದು ಕಣ್ಣು ಮಿಟುಕಿಸುವಷ್ಟು ಹೊತ್ತೂ ಇಲ್ಲದೆ. ಇಂಥ ಕರೆಗಳು ಸಾವಿರಾರು ಬಗೆಯವಿವೆ.

ಎಮ್ಯುಲೇಟರ್ ಮಾಡುವುದೇ ಬೇರೆ. ಅದು ಇನ್ನೊಂದು ಯಂತ್ರದ ನಟನೆ ಮಾಡುತ್ತದೆ, ಹಳೆಯ ಗೇಮ್ ಕನ್ಸೋಲಿನ ಚಿಪ್ಪಿಗೆ ಬರೆದ ಸೂಚನೆಗಳನ್ನು ಓದಿ ನಿಮ್ಮ ಚಿಪ್ಪಿಗೆ ಅರ್ಥವಾಗುವಂತೆ ತಿರುಗಿಸುತ್ತದೆ. ಅದಕ್ಕೇ ಅದು ಜಾಸ್ತಿ ಶಕ್ತಿ ತಿನ್ನುತ್ತದೆ. ವರ್ಚುವಲ್ ಮೆಷಿನ್ ಮೂರನೆಯದು, ಅಲ್ಲಿ ನಿಜವಾದ ವಿಂಡೋಸನ್ನೇ ಒಂದು ಡಬ್ಬಿಯೊಳಗೆ ಓಡಿಸುತ್ತೀರಿ. ಈ ಮೂರನ್ನೂ ಒಂದೇ ಅಂತ ಕಲೆಸಿಬಿಟ್ಟರೆ ಯಾವ ಸಾಫ್ಟ್‌ವೇರ್ ಯಾಕೆ ಓಡಲಿಲ್ಲ ಅನ್ನುವುದು ತಲೆಗೆ ಹತ್ತುವುದೇ ಇಲ್ಲ.

ಈ ಓಗೊಡುವ ಪದರಗಳಲ್ಲಿ ಹಿರಿಯದು ವೈನ್. 1993ರಲ್ಲಿ ಶುರುವಾಯಿತು, 1994ರಿಂದ ಅದನ್ನು ನಡೆಸಿಕೊಂಡು ಬಂದವರು ಅಲೆಕ್ಸಾಂಡರ್ ಜೂಲಿಯಾರ್. ಮೊದಮೊದಲು ಹೆಸರಿನ ಅರ್ಥ ವಿಂಡೋಸ್ ಎಮ್ಯುಲೇಟರ್ ಅಂತಲೇ ಇತ್ತು, ಆಮೇಲೆ "ವೈನ್ ಈಸ್ ನಾಟ್ ಆನ್ ಎಮ್ಯುಲೇಟರ್" ಅಂತ ತಿರುಗಿಸಿಕೊಂಡರು. ಜನರ ತಪ್ಪು ಕಲ್ಪನೆಗೆ ಅವರೇ ಬೀಜ ಹಾಕಿದ್ದು, ಅಲ್ವಾ? ವೈನ್ 1.0 ಬಂದದ್ದು 2008ರಲ್ಲಿ. ಹದಿನೈದು ವರ್ಷ! ನಗಬೇಡಿ. ಮೈಕ್ರೋಸಾಫ್ಟಿನ ಕೋಡ್ ನೋಡುವ ಹಾಗಿಲ್ಲ. ವಿಂಡೋಸ್ ಹೊರಗಿನಿಂದ ಹೇಗೆ ನಡೆದುಕೊಳ್ಳುತ್ತದೆ ಅಂತ ಪರೀಕ್ಷಿಸಿ, ದಾಖಲೆ ಓದಿ, ಅದರಂತೆಯೇ ನಡೆದುಕೊಳ್ಳುವ ಕೋಡನ್ನು ಹೊಸದಾಗಿ ಬರೆಯಬೇಕು. ಅದಕ್ಕಿಂತ ತಮಾಷೆ ಏನೆಂದರೆ ವಿಂಡೋಸ್‌ನಲ್ಲಿ ಒಂದು ಕಡೆ ತಪ್ಪಿದ್ದು, ಯಾವುದೋ ಪ್ರೋಗ್ರಾಂ ಆ ತಪ್ಪನ್ನೇ ನಂಬಿಕೊಂಡಿದ್ದರೆ, ವೈನ್ ಕೂಡ ಅದೇ ತಪ್ಪನ್ನು ಶ್ರದ್ಧೆಯಿಂದ ಮಾಡಬೇಕು.

ಗೇಮುಗಳ ಮಟ್ಟಿಗೆ ದೊಡ್ಡ ತಿರುವು ಬಂದದ್ದು 2018ರ ಆಗಸ್ಟ್‌ನಲ್ಲಿ, ವಾಲ್ವ್ ಕಂಪನಿ ತನ್ನ ಗೇಮ್ ಅಂಗಡಿಯಾದ ಸ್ಟೀಮ್ ಒಳಗೇ ಪ್ರೋಟಾನ್ ತಂದಾಗ. ಪ್ರೋಟಾನ್ ಅಂದರೆ ವೈನ್, ಜೊತೆಗೆ ಗ್ರಾಫಿಕ್ಸ್ ನೋಡಿಕೊಳ್ಳುವ ಇನ್ನೂ ಎರಡು ಪದರಗಳು. ವಿಂಡೋಸ್ ಗೇಮುಗಳು ಚಿತ್ರ ಬಿಡಿಸಲು ಡೈರೆಕ್ಟ್3ಡಿಯನ್ನು ಕರೆಯುತ್ತವೆ, ಲಿನಕ್ಸ್‌ನಲ್ಲಿ ಇರುವುದು ವಲ್ಕನ್. ಡೈರೆಕ್ಟ್3ಡಿ 8ರಿಂದ 11ರವರೆಗಿನ ಕರೆಗಳನ್ನು ಡಿಎಕ್ಸ್‌ವಿಕೆ ವಲ್ಕನ್‌ಗೆ ತಿರುಗಿಸುತ್ತದೆ, 12ರ ಕರೆಗಳನ್ನು ವಿಕೆಡಿ3ಡಿ-ಪ್ರೋಟಾನ್. ಗೇಮ್ ಒತ್ತಿದಾಗ ಒಮ್ಮೊಮ್ಮೆ ವಲ್ಕನ್ ಶೇಡರ್ ಪ್ರೊಸೆಸ್ ಆಗುತ್ತಿದೆ ಅಂತ ಒಂದು ಪಟ್ಟಿ ತೆವಳುತ್ತದಲ್ಲ, ಶೇಡರ್ ಅಂದರೆ ಬಣ್ಣ ಬೆಳಕು ಲೆಕ್ಕ ಹಾಕುವ ಪುಟ್ಟ ಪ್ರೋಗ್ರಾಂ, ಆಡುವಾಗ ಮಧ್ಯೆ ಮಧ್ಯೆ ಜಗ್ಗದಿರಲಿ ಅಂತ ಮೊದಲೇ ಮಾಡಿಟ್ಟುಕೊಳ್ಳುವ ಸಿದ್ಧತೆ ಅದು. 2022ರಲ್ಲಿ ಸ್ಟೀಮ್ ಡೆಕ್ ಬಂತು, ಕೈಯಲ್ಲಿ ಹಿಡಿದು ಆಡುವ ಲಿನಕ್ಸ್ ಕಂಪ್ಯೂಟರ್. ಅಲ್ಲಿಂದ ಗೇಮ್ ಮಾಡುವವರೂ ತಮ್ಮ ಗೇಮ್ ಪ್ರೋಟಾನ್‌ನಲ್ಲಿ ಹೇಗೆ ಓಡುತ್ತದೆ ಅಂತ ನೋಡತೊಡಗಿದರು.

ನನಗೆ ಈ ಪದರ ಕಣ್ಣಿಗೆ ಕಂಡದ್ದು ಒಂದು ಗೇಮಿನಲ್ಲಿ. ಎಲ್ಲ ಸರಿಯಾಗಿ ಓಡುತ್ತಿತ್ತು, ಕಥೆ ಹೇಳುವ ವಿಡಿಯೋ ಬಂದಾಗ ಮಾತ್ರ ಹಳೆಯ ಟಿವಿಯಲ್ಲಿ ಕಾರ್ಯಕ್ರಮ ಇಲ್ಲದಾಗ ಬರುತ್ತಿದ್ದಂಥ ಬಣ್ಣಬಣ್ಣದ ಉದ್ದ ಪಟ್ಟಿಗಳು. ಗ್ರಾಫಿಕ್ಸ್ ಕಾರ್ಡ್ ಕೈಕೊಟ್ಟಿತು ಅಂತ ಅರ್ಧ ದಿನ ಡ್ರೈವರ್ ಬದಲಾಯಿಸಿದೆ. ಆಮೇಲೆ ತಿಳಿಯಿತು: ಗೇಮ್ ಆ ವಿಡಿಯೋ ತೋರಿಸು ಅಂತ ಕರೆದಿದೆ, ಅದಕ್ಕೆ ಬೇಕಾದ ಕೋಡೆಕ್, ಅಂದರೆ ಒತ್ತಿಟ್ಟ ವಿಡಿಯೋವನ್ನು ಬಿಡಿಸುವ ಕೋಡ್, ಪ್ರೋಟಾನ್ ಬಳಿ ಇಲ್ಲ, ಸುಮ್ನೆ ಇರುವ ಬದಲು ಆ ಪಟ್ಟಿ ತೋರಿಸಿದೆ. ವಿಡಿಯೋ ಕೋಡೆಕ್‌ಗಳ ಮೇಲೆ ಪೇಟೆಂಟ್ ಇರುವುದರಿಂದ ಎಲ್ಲವನ್ನೂ ಸೇರಿಸಿ ಹಂಚುವುದು ಕಷ್ಟ. ಸಮುದಾಯದವರು ಮಾಡಿದ ಜಿಇ-ಪ್ರೋಟಾನ್ ಎಂಬ ಬೇರೆ ಆವೃತ್ತಿ ಹಾಕಿದೆ, ವಿಡಿಯೋ ಬಂತು.

ಈಗ ಓಡದೇ ಇರುವುದಕ್ಕೆ ಬರೋಣ. ಕರೆ ಯಾರಿಗೆ ಹೋಗುತ್ತಿದೆ ಅಂತ ಕೇಳಿಕೊಂಡರೆ ಅರ್ಧ ಉತ್ತರ ಸಿಕ್ಕಂತೆ. ವ್ಯಾಲೊರಂಟ್ ಗೇಮಿನ ವ್ಯಾನ್‌ಗಾರ್ಡ್‌ನಂಥ, ಆಟದಲ್ಲಿ ಮೋಸ ಮಾಡುವವರನ್ನು ಹಿಡಿಯುವ ಆಂಟಿ-ಚೀಟ್‌ಗಳು ವಿಂಡೋಸ್ ಕರ್ನಲ್ಲಿನೊಳಗೇ ಡ್ರೈವರ್ ಆಗಿ ಕೂರಬೇಕು. ವೈನ್ ಓಗೊಡುವುದು ಹೊರಬಾಗಿಲಲ್ಲಿ ಮಾತ್ರ, ಒಳಮನೆಯಲ್ಲಿ ಇರುವುದು ಲಿನಕ್ಸ್ ಕರ್ನಲ್. ಕೂರಲು ಜಾಗವೇ ಇಲ್ಲ. ಈಸಿ ಆಂಟಿ-ಚೀಟ್ ಮತ್ತು ಬ್ಯಾಟಲ್‌ಐ 2021ರಿಂದ ಪ್ರೋಟಾನ್‌ಗೆ ದಾರಿ ಮಾಡಿಕೊಟ್ಟಿವೆ, ಆದರೆ ಒಪ್ಪಿಗೆ ಕೊಡಬೇಕಾದದ್ದು ಆಯಾ ಗೇಮ್ ಕಂಪನಿ. ಈಸಿ ಆಂಟಿ-ಚೀಟ್‌ನ ಒಡೆಯರಾದ ಎಪಿಕ್‌ನವರೇ ತಮ್ಮ ಫೋರ್ಟ್‌ನೈಟ್‌ಗೆ ಒಪ್ಪಿಗೆ ಕೊಟ್ಟಿಲ್ಲ. ಏಪೆಕ್ಸ್ ಲೆಜೆಂಡ್ಸ್ ಚೆನ್ನಾಗಿ ಓಡುತ್ತಿತ್ತು, 2024ರಲ್ಲಿ ಲಿನಕ್ಸ್‌ನವರಿಗೆ ಬಾಗಿಲು ಹಾಕಿದರು. ಇದು ತಂತ್ರಜ್ಞಾನಕ್ಕಿಂತ ಮನಸ್ಸಿನ ವಿಷಯ.

ಇನ್ನೊಂದು ವಿಚಿತ್ರ ಹೊಸಬರಿಗೆ ನಂಬಲು ಕಷ್ಟ. ನೂರು ಜಿಬಿ ಗೇಮ್ ಓಡುತ್ತದೆ, ಆಫೀಸಿನ ಸಾಫ್ಟ್‌ವೇರ್ ಇನ್‌ಸ್ಟಾಲ್ ಆಗುವಾಗಲೇ ಮುಗ್ಗರಿಸುತ್ತದೆ. ಗೇಮ್ ಎಷ್ಟೇ ದೊಡ್ಡದಿರಲಿ, ಅದು ಕೇಳುವುದು ಚಿತ್ರ, ಶಬ್ದ, ಕೀಲಿಮಣೆ, ಫೈಲ್ ಅಷ್ಟೇ, ಉಳಿದದ್ದೆಲ್ಲ ಅದರ ಬುತ್ತಿಯಲ್ಲೇ ಇರುತ್ತದೆ. ಮೈಕ್ರೋಸಾಫ್ಟ್ ಆಫೀಸ್, ಫೋಟೋಶಾಪ್ ಹಾಗಲ್ಲ. ಲಾಗಿನ್, ಲೈಸೆನ್ಸ್ ತಪಾಸಣೆ, ಹಿನ್ನೆಲೆಯಲ್ಲಿ ಓಡುವ ಸರ್ವಿಸ್, ಪ್ರಿಂಟರ್, ಫಾಂಟ್, ಬ್ರೌಸರಿನ ತುಂಡು ಅಂತ ವಿಂಡೋಸ್‌ನ ಮೂಲೆಮೂಲೆಯನ್ನೂ ಕರೆಯುತ್ತವೆ, ಒಂದು ಕಡೆ ಉತ್ತರ ತಪ್ಪಿದರೂ ಮುಂದೆ ಹೋಗುವುದಿಲ್ಲ. ಇವುಗಳ ಹೊಸ ಆವೃತ್ತಿಗಾಗಿ ವೈನ್ ಜೊತೆ ಗುದ್ದಾಡಬೇಡಿ ಅಂತಲೇ ನಾನು ಹೇಳುವುದು. ಲಿಬ್ರೆಆಫೀಸ್, ಕ್ರಿಟಾ, ಬ್ಲೆಂಡರ್, ಡಾವಿಂಚಿ ರಿಸಾಲ್ವ್ ಲಿನಕ್ಸ್‌ಗೆ ನೇರವಾಗಿಯೇ ಸಿಗುತ್ತವೆ. ಅದೇ ಸಾಫ್ಟ್‌ವೇರ್ ಬೇಕೇ ಬೇಕು ಅಂದರೆ ವರ್ಚುವಲ್ ಮೆಷಿನ್ ಇದೆ. ಗೇಮ್ ಕೊಳ್ಳುವ ಮುಂಚೆ, ಯಾವ ಗೇಮ್ ಹೇಗೆ ಓಡುತ್ತದೆ ಅಂತ ಆಡಿದವರೇ ಬರೆಯುವ ತಾಣವಾದ ಪ್ರೋಟಾನ್‌ಡಿಬಿಯಲ್ಲಿ ಹೆಸರು ಹುಡುಕಿ. ಪ್ಲಾಟಿನಂ ಅಂತಿದ್ದರೆ ನಿಶ್ಚಿಂತೆ, ಬೋರ್ಕ್ಡ್ (ಓಡುವುದೇ ಇಲ್ಲ) ಅಂತಿದ್ದರೆ ದುಡ್ಡು ಜೇಬಲ್ಲೇ ಇರಲಿ.

ಮರೆತೆ, ಹಳೆಯ ಸರಕಿನ ವಿಷಯದಲ್ಲಿ ವೈನ್ ವಿಂಡೋಸನ್ನೇ ಮೀರಿಸುತ್ತದೆ. ವಿಂಡೋಸ್ 3.1 ಕಾಲದ 16-ಬಿಟ್ ಪ್ರೋಗ್ರಾಂಗಳು 64-ಬಿಟ್ ವಿಂಡೋಸ್‌ನಲ್ಲಿ ತೆರೆಯುವುದೇ ಇಲ್ಲ, ವೈನ್‌ನಲ್ಲಿ ಎಷ್ಟೋ ಓಡುತ್ತವೆ. ಲಿನಕ್ಸ್‌ಗೆಂದೇ ಮಾಡಿದ ಕೆಲವು ಹಳೆಯ ಗೇಮುಗಳ ಕಥೆಯೂ ಹೀಗೇ. ಅವು ನಂಬಿದ್ದ ಲೈಬ್ರರಿಗಳು (ಸಿದ್ಧ ಕೋಡಿನ ಕಟ್ಟುಗಳು) ಬದಲಾಗಿ ಈಗ ತಿಣುಕಾಡುತ್ತವೆ, ಅದೇ ಗೇಮಿನ ವಿಂಡೋಸ್ ಆವೃತ್ತಿಯನ್ನು ಪ್ರೋಟಾನ್‌ನಲ್ಲಿ ಹಾಕಿದರೆ ಸರಾಗ. ಸ್ಟೀಮ್‌ನಲ್ಲಿ ಗೇಮಿನ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ಗೆ ಹೋಗಿ, ಕಂಪ್ಯಾಟಿಬಿಲಿಟಿ ಅನ್ನುವಲ್ಲಿ ಒಂದು ಟಿಕ್ ಹಾಕಿದರೆ ಲಿನಕ್ಸ್ ಆವೃತ್ತಿ ಹೋಗಿ ವಿಂಡೋಸ್‌ನದ್ದು ಇಳಿಯಲು ಶುರುವಾಗುತ್ತದೆ.