ಹಾಸಿಗೆಯ ಪಕ್ಕದಲ್ಲಿ ಯಾರಿದ್ದರು? ವೈದ್ಯಕೀಯ ಪಠ್ಯಕ್ರಮವೂ ಅದರ ಪರೀಕ್ಷೆಯೂ ನಡೆದು ಬಂದ ದಾರಿ

ಎಂಬಿಬಿಎಸ್ ಅಂತಿಮ ವರ್ಷದ ಪ್ರಾಯೋಗಿಕ ಪರೀಕ್ಷೆಗಳು ಶುರುವಾದರೆ ಹಳೆಯ ಬೋಧನಾ ಆಸ್ಪತ್ರೆಗಳ ವಾರ್ಡುಗಳಲ್ಲಿ ಕೆಲವು ಪರಿಚಿತ ಮುಖಗಳು ಕಾಣಿಸಿಕೊಳ್ಳುತ್ತವೆ. ಹೃದಯದ ಕವಾಟ ಕಿರಿದಾದವರು, ಗುಲ್ಮ ಊದಿದವರು, ಒಂದು ಪಕ್ಕಕ್ಕೆ ಲಕ್ವ ಹೊಡೆದವರು ಹೀಗೆ ವರ್ಷವರ್ಷವೂ ‘ಕೇಸ್’ ಆಗಿ ಬಂದು ಮಲಗುವವರು ಇವರು. ಎದುರಿಗೆ ನಡುಗುತ್ತ ನಿಂತ ಹುಡುಗನನ್ನು ನೋಡಿ ಕನಿಕರಪಟ್ಟು, ‘ನಂದು ಮೈಟ್ರಲ್ ಸ್ಟೆನೋಸಿಸ್ ಕಣಪ್ಪಾ, ಎಡಕ್ಕೆ ತಿರುಗಿ ಮಲಗ್ತೀನಿ, ಆಗ ಕೇಳಿಸ್ತದೆ’ ಎಂದು ತಾವೇ ಹೇಳಿಕೊಟ್ಟ ರೋಗಿಗಳ ಕಥೆ ವೈದ್ಯರ ತಲೆಮಾರು ತಲೆಮಾರುಗಳಲ್ಲಿ ಹರಿದುಬಂದಿದೆ.

ನಗು ಬರಿಸುವ ಈ ಕಥೆಯೊಳಗೆ ಒಂದು ಗಂಭೀರ ದೋಷ ಅಡಗಿದೆ. ‘ಲಾಂಗ್ ಕೇಸ್’ ಎಂದು ಕರೆಯುವ ಈ ಪರೀಕ್ಷೆಯಲ್ಲಿ ವಿದ್ಯಾರ್ಥಿಯು ಮುಕ್ಕಾಲು ಗಂಟೆಯಷ್ಟು ಹೊತ್ತು ರೋಗಿಯ ಬಳಿ ಒಬ್ಬನೇ ಇರುತ್ತಾನೆ. ಪರೀಕ್ಷಕರು ಬರುವುದು ಆಮೇಲೆ. ಅವರು ಕೇಳುವುದು ವಿದ್ಯಾರ್ಥಿಯ ನಿರೂಪಣೆಯನ್ನು, ತೂಗುವುದು ಅವನ ಉತ್ತರಗಳನ್ನು. ರೋಗಿಯನ್ನು ಅವನು ಹೇಗೆ ಮಾತನಾಡಿಸಿದ, ಹೊಟ್ಟೆ ಮುಟ್ಟುವ ಮೊದಲು ಕೇಳಿದನೇ, ಪರದೆ ಎಳೆದನೇ, ನಿಜಕ್ಕೂ ಗುಲ್ಮ ಅವನ ಬೆರಳಿಗೆ ಸಿಕ್ಕಿತೇ ಅಥವಾ ರೋಗಿಯ ಬಾಯಿಂದ ತಿಳಿಯಿತೇ, ಇದಾವುದನ್ನೂ ಕಂಡವರಿಲ್ಲ. ಭಾರತದ ವೈದ್ಯಕೀಯ ಪಠ್ಯಕ್ರಮವು ಕಳೆದ ಎಂಟು ದಶಕಗಳಲ್ಲಿ ಹಲವು ಬಾರಿ ಬದಲಾಗಿದೆ, ಆದರೆ ಹಾಸಿಗೆಯ ಪಕ್ಕದಲ್ಲಿ ನಿಂತು ನೋಡುವವರು ಯಾರು ಎಂಬ ಈ ಒಂದು ಪ್ರಶ್ನೆಗೆ ಉತ್ತರ ಕೊಡುವ ಹೊಣೆಯನ್ನು ಪ್ರತಿ ಸುಧಾರಣೆಯೂ ಮುಂದಿನ ಸುಧಾರಣೆಯ ತಲೆಗೆ ಕಟ್ಟಿದೆ ಎಂಬುದು ಈ ಲೇಖನದ ವಾದ.

ಕಲ್ಕತ್ತಾ ಮತ್ತು ಮದರಾಸಿನ ವೈದ್ಯಕೀಯ ಕಾಲೇಜುಗಳು 1835ರಲ್ಲಿ ಆರಂಭವಾದಾಗ ಪಠ್ಯಕ್ರಮದ ಅಳತೆಗೋಲು ಲಂಡನ್ನಿನಲ್ಲಿತ್ತು. ಇಲ್ಲಿನ ಪದವಿಗಳು ಲಾಯಕ್ಕಾದವೇ ಎಂದು ಹೇಳುವ ಅಧಿಕಾರ ಬ್ರಿಟನ್ನಿನ ಜನರಲ್ ಮೆಡಿಕಲ್ ಕೌನ್ಸಿಲ್‌ಗೆ ಇದ್ದು, ಅದು 1930ರಲ್ಲಿ ಭಾರತೀಯ ಪದವಿಗಳಿಗೆ ಮಾನ್ಯತೆಯನ್ನು ಹಿಂತೆಗೆದುಕೊಂಡಾಗ ಎದ್ದ ಅಸಮಾಧಾನವೇ 1933ರ ಭಾರತೀಯ ವೈದ್ಯಕೀಯ ಪರಿಷತ್ ಕಾಯ್ದೆಗೆ ದಾರಿ ಮಾಡಿತು. ಆ ಕಾಲದಲ್ಲಿ ವೈದ್ಯರಲ್ಲಿಯೂ ಎರಡು ದರ್ಜೆಗಳಿದ್ದವು: ವಿಶ್ವವಿದ್ಯಾಲಯದ ಪದವೀಧರರು ಒಂದೆಡೆ, ಕಡಿಮೆ ಅವಧಿಯ ತರಬೇತಿ ಪಡೆದ ಎಲ್‌ಎಂಪಿ ವೈದ್ಯರು ಇನ್ನೊಂದೆಡೆ. ಮೈಸೂರು ಸಂಸ್ಥಾನವು ಮೊದಲು ಕೈಹಾಕಿದ್ದು ಎರಡನೆಯದಕ್ಕೆ. 1917ರಲ್ಲಿ ಬೆಂಗಳೂರಿನಲ್ಲಿ ಎಲ್‌ಎಂಪಿ ಶಾಲೆ ಆರಂಭವಾಯಿತು, 1924ರಲ್ಲಿ ಅದು ಕಾಲೇಜಾಯಿತು, 1930ರಲ್ಲಿ ಮೈಸೂರಿಗೆ ಸ್ಥಳಾಂತರಗೊಂಡಿತು.

ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಲು ನೇಮಕವಾದ, ಸರ್ ಜೋಸೆಫ್ ಭೋರ್ ಅಧ್ಯಕ್ಷತೆಯ ಸಮಿತಿಯು 1946ರಲ್ಲಿ ಸಲ್ಲಿಸಿದ ವರದಿ ಈ ಎರಡು ದರ್ಜೆಗಳ ವ್ಯವಸ್ಥೆಯನ್ನು ಕೊನೆಗಾಣಿಸಲು ಹೇಳಿತು. ದೇಶಕ್ಕೆ ಬೇಕಿರುವುದು ಒಂದೇ ಮಟ್ಟದ ‘ಮೂಲ ವೈದ್ಯ’, ಅವನು ಸಮಾಜವನ್ನು ಬಲ್ಲ ವೈದ್ಯನಾಗಬೇಕು, ರೋಗ ತಡೆಗಟ್ಟುವಿಕೆ ಮತ್ತು ಸಮುದಾಯದ ಆರೋಗ್ಯದಲ್ಲಿ ಮೂರು ತಿಂಗಳ ತರಬೇತಿ ಪಡೆದಿರಬೇಕು ಎಂಬುದು ಅದರ ಆಶಯ. ಆಗ ನೋಂದಾಯಿತ ವೈದ್ಯರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಮಂದಿ ಎಲ್‌ಎಂಪಿಯಂಥ ಲೈಸೆನ್ಷಿಯೇಟ್‌ಗಳೇ ಆಗಿದ್ದುದರಿಂದ ಸಮಿತಿಯ ಕೆಲವು ಸದಸ್ಯರು ಭಿನ್ನಮತ ಬರೆದರು. ಹಳ್ಳಿಗಳಿಗೆ ಯಾರು ಹೋಗುತ್ತಾರೆ ಎಂಬ ಅವರ ಆತಂಕ ಇಂದಿಗೂ ಹಳತಾಗಿಲ್ಲ. ವರದಿಯ ಆಶಯವು ಪಠ್ಯಕ್ರಮದಲ್ಲಿ ಒಂದು ಹೊಸ ವಿಭಾಗವಾಗಿ ಬಂದಿತು, ಇಂದಿನ ಸಮುದಾಯ ವೈದ್ಯಶಾಸ್ತ್ರದ ಬೇರು ಅಲ್ಲಿದೆ. ಆದರೆ ವಿಭಾಗವೆಂದರೆ ಇನ್ನೊಂದು ಪಠ್ಯಪುಸ್ತಕ, ಇನ್ನೊಂದು ಪ್ರಶ್ನೆಪತ್ರಿಕೆ. ಸಮಾಜವನ್ನು ಬಲ್ಲ ವೈದ್ಯನಾಗಬೇಕಾದವನು ಕೊಳವೆಬಾವಿ, ಕಕ್ಕಸುಗುಂಡಿಗಳ ಚಿತ್ರ ಬರೆದು ಪಾಸಾಗುವುದು ರೂಢಿಯಾಯಿತು. 1970ರ ದಶಕದಲ್ಲಿ ವೈದ್ಯಕೀಯ ಶಿಕ್ಷಣ ಕುರಿತ ಶ್ರೀವಾಸ್ತವ ಸಮಿತಿಯ ಶಿಫಾರಸಿನಂತೆ ಕಾಲೇಜುಗಳನ್ನು ಗ್ರಾಮೀಣ ಆರೋಗ್ಯ ಕೇಂದ್ರಗಳಿಗೆ ಬೆಸೆಯುವ ಯೋಜನೆಯೊಂದು ಬಂದು, ಹೆಚ್ಚು ಸದ್ದು ಮಾಡದೆ ಕರಗಿಹೋಯಿತು.

ಹೊರಗಿನ ಜಗತ್ತಿನಲ್ಲಿ ಇದೇ ಹೊತ್ತಿಗೆ ಬೇರೊಂದು ಚಿಂತನೆ ನಡೆದಿತ್ತು. ಅಮೆರಿಕ ಮತ್ತು ಕೆನಡಾದ 155 ವೈದ್ಯಕೀಯ ಶಾಲೆಗಳನ್ನು ಸುತ್ತಿ ಅಬ್ರಹಾಂ ಫ್ಲೆಕ್ಸ್‌ನರ್ 1910ರಲ್ಲಿ ಬರೆದ ವರದಿಯು ಮೊದಲು ಪ್ರಯೋಗಾಲಯದ ವಿಜ್ಞಾನ, ಆಮೇಲೆ ಆಸ್ಪತ್ರೆ ಎಂಬ ಅನುಕ್ರಮವನ್ನು ಗಟ್ಟಿಮಾಡಿತ್ತು. ನಮ್ಮ ಕಾಲೇಜುಗಳಲ್ಲಿ ಒಂದೂವರೆ ವರ್ಷ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಜೀವರಸಾಯನಶಾಸ್ತ್ರಗಳನ್ನು ಓದಿ ಮುಗಿಸಿದ ಮೇಲಷ್ಟೇ ವಿದ್ಯಾರ್ಥಿ ರೋಗಿಯ ಮುಖ ನೋಡುತ್ತಿದ್ದುದು ಅದೇ ಅಚ್ಚಿನಲ್ಲಿ. ಈ ಅನುಕ್ರಮವನ್ನು ಮುರಿಯುವ ಪ್ರಯತ್ನಗಳು 1952ರಲ್ಲಿ ಅಮೆರಿಕದ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದಲ್ಲಿ, 1969ರಲ್ಲಿ ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ನಡೆದವು. ಪರೀಕ್ಷೆಯ ಬಗೆಯನ್ನೇ ಬದಲಿಸಿದ್ದು ಮಾತ್ರ ಸ್ಕಾಟ್ಲೆಂಡಿನ ಡಂಡೀ ಊರಿನ ರೊನಾಲ್ಡ್ ಹಾರ್ಡನ್.

ಹಾರ್ಡನ್ ಮತ್ತು ಸಂಗಡಿಗರು 1975ರಲ್ಲಿ ಪ್ರಕಟಿಸಿದ ವಿಧಾನಕ್ಕೆ ಇಂದು ಎಲ್ಲರೂ ‘ಓಸ್ಕಿ’ (ಆಬ್ಜೆಕ್ಟಿವ್ ಸ್ಟ್ರಕ್ಚರ್ಡ್ ಕ್ಲಿನಿಕಲ್ ಎಕ್ಸಾಮಿನೇಷನ್) ಎನ್ನುತ್ತಾರೆ. ವಾರ್ಡಿನ ಉದ್ದಕ್ಕೂ ಹಲವು ಠಾಣೆಗಳು, ಪ್ರತಿಯೊಂದಕ್ಕೂ ಕೆಲವೇ ನಿಮಿಷ, ಗಂಟೆ ಬಾರಿಸಿದೊಡನೆ ವಿದ್ಯಾರ್ಥಿ ಮುಂದಿನ ಠಾಣೆಗೆ ಸರಿಯಬೇಕು. ಒಂದು ಠಾಣೆಯಲ್ಲಿ ರಕ್ತದೊತ್ತಡ ಅಳೆಯುವ ಕೆಲಸವಿದ್ದರೆ ಪರೀಕ್ಷಕರು ಮೂಲೆಯಲ್ಲಿ ಪಟ್ಟಿ ಹಿಡಿದು ಸುಮ್ಮನೆ ಕುಳಿತಿರುತ್ತಾರೆ: ತನ್ನ ಹೆಸರು ಹೇಳಿ ಒಪ್ಪಿಗೆ ಕೇಳಿದನೇ, ತಕ್ಕ ಅಳತೆಯ ತೋಳುಪಟ್ಟಿ ಆರಿಸಿದನೇ, ತೋಳು ಹೃದಯದ ಮಟ್ಟದಲ್ಲಿತ್ತೇ, ಮೊದಲು ನಾಡಿ ಹಿಡಿದು ಅಂದಾಜು ಮಾಡಿದನೇ, ಗಾಳಿಯನ್ನು ನಿಧಾನವಾಗಿ ಬಿಟ್ಟನೇ. ಎಲ್ಲ ವಿದ್ಯಾರ್ಥಿಗಳಿಗೂ ಅದೇ ಕೆಲಸ, ಅದೇ ಪಟ್ಟಿ. ಸುಲಭದ ಕೇಸ್ ಸಿಕ್ಕಿತೋ ಕಷ್ಟದ್ದೋ, ಪರೀಕ್ಷಕರು ಸೌಮ್ಯರೋ ಉಗ್ರರೋ ಎಂಬ ಅದೃಷ್ಟದಾಟ ಇಲ್ಲಿ ಕಡಿಮೆ. ಇದಕ್ಕೂ ಮಿತಿಗಳಿವೆ, ಪಟ್ಟಿಗೆ ತಕ್ಕಂತೆ ನಟಿಸುವುದನ್ನು ಜಾಣ ವಿದ್ಯಾರ್ಥಿ ಬೇಗ ಕಲಿಯುತ್ತಾನೆ, ರೋಗಿಯೆಂಬ ಇಡೀ ಮನುಷ್ಯ ಐದೈದು ನಿಮಿಷದ ತುಣುಕುಗಳಾಗುತ್ತಾನೆ. ಆದರೂ ಮಾಡುವುದನ್ನು ಕಣ್ಣಾರೆ ನೋಡಿ ಅಂಕ ಕೊಡುವ ಪದ್ಧತಿಯೊಂದು ಮೊದಲ ಬಾರಿಗೆ ಕ್ರಮಬದ್ಧವಾಗಿ ರೂಪುಗೊಂಡಿತ್ತು.

ಅಮೆರಿಕದ ವೈದ್ಯಕೀಯ ಶಿಕ್ಷಣತಜ್ಞ ಜಾರ್ಜ್ ಮಿಲ್ಲರ್ 1990ರಲ್ಲಿ ಮುಂದಿಟ್ಟ ಪಿರಮಿಡ್ಡು ಈ ಚಿಂತನೆಗೆ ಎಲ್ಲರಿಗೂ ಅರ್ಥವಾಗುವ ಆಕಾರ ಕೊಟ್ಟಿತು. ತಳದಲ್ಲಿ ‘ಗೊತ್ತಿದೆ’, ಅದರ ಮೇಲೆ ‘ಹೇಗೆಂದು ಗೊತ್ತಿದೆ’, ಅದರ ಮೇಲೆ ‘ಮಾಡಿ ತೋರಿಸುತ್ತಾನೆ’, ತುದಿಯಲ್ಲಿ ‘ದಿನನಿತ್ಯದ ಕೆಲಸದಲ್ಲಿ ಮಾಡುತ್ತಾನೆ’. ಲಿಖಿತ ಪರೀಕ್ಷೆ ಕೆಳಗಿನ ಎರಡು ಮೆಟ್ಟಿಲುಗಳನ್ನು ಮುಟ್ಟುತ್ತದೆ, ಓಸ್ಕಿ ಮೂರನೆಯದನ್ನು. ನಾಲ್ಕನೆಯದನ್ನು ಅಳೆಯಬೇಕಾದರೆ ವಿದ್ಯಾರ್ಥಿ ವಾರ್ಡಿನಲ್ಲಿ ದಿನವೂ ಮಾಡುವ ಕೆಲಸವನ್ನು ಅನುಭವಿಗಳು ಪಕ್ಕದಲ್ಲಿ ನಿಂತು ನೋಡಬೇಕು, ಅದಕ್ಕೆ ಅಡ್ಡದಾರಿಯಿಲ್ಲ. ‘ಏನು ಕಲಿಸಿದೆವು’ ಎಂಬಲ್ಲಿಂದ ಹೊರಡದೆ ‘ಹೊರಬರುವ ವೈದ್ಯನಿಗೆ ಏನು ಮಾಡಲು ಬರಬೇಕು’ ಎಂಬಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ಪಠ್ಯಕ್ರಮ ಕಟ್ಟುವ ಸಾಮರ್ಥ್ಯ ಆಧಾರಿತ ಶಿಕ್ಷಣದ ವಿಚಾರವನ್ನು ವಿಶ್ವ ಆರೋಗ್ಯ ಸಂಸ್ಥೆ 1978ರಲ್ಲೇ ಪುಸ್ತಿಕೆಯಾಗಿ ಪ್ರಕಟಿಸಿತ್ತು. ಕೆನಡಾ 1996ರಲ್ಲಿ ತಜ್ಞ ವೈದ್ಯರ ಪಾತ್ರಗಳನ್ನು ಪಟ್ಟಿಮಾಡಿತು, ಅಮೆರಿಕ 1999ರಲ್ಲಿ ಆರು ಸಾಮರ್ಥ್ಯಗಳನ್ನು ಹೆಸರಿಸಿತು.

ಭಾರತದಲ್ಲಿ ವೈದ್ಯಕೀಯ ಪರಿಷತ್ತಿನ 1997ರ ನಿಯಮಾವಳಿಯು ಮೊದಲ ಘಟ್ಟವನ್ನು ಒಂದೂವರೆ ವರ್ಷದಿಂದ ಒಂದು ವರ್ಷಕ್ಕೆ ಇಳಿಸಿತು, ಕೌಶಲದ ಬಗ್ಗೆ ಒಳ್ಳೆಯ ಮಾತುಗಳನ್ನೂ ಬರೆಯಿತು. ಪರೀಕ್ಷೆ ಮಾತ್ರ ಇದ್ದಲ್ಲೇ ಇತ್ತು. ಭ್ರಷ್ಟಾಚಾರದ ಆರೋಪಗಳ ನಡುವೆ 2010ರಲ್ಲಿ ವೈದ್ಯಕೀಯ ಪರಿಷತ್ತನ್ನು ಅಮಾನತಿನಲ್ಲಿಟ್ಟು ಆಡಳಿತ ಮಂಡಳಿ ನೇಮಿಸಿದಾಗ, 2011ರ ‘ವಿಷನ್ 2015’ ಎಂಬ ದಾಖಲೆ ಹೊರಬಂದಿತು. ‘ಭಾರತೀಯ ವೈದ್ಯಕೀಯ ಪದವೀಧರ’ನಿಗೆ ಅದು ಐದು ಪಾತ್ರಗಳನ್ನು ವಹಿಸಿತು: ಚಿಕಿತ್ಸಕ, ತಂಡದ ನಾಯಕ ಮತ್ತು ಸದಸ್ಯ, ಸಂವಹನಕಾರ, ಜೀವನಪರ್ಯಂತ ಕಲಿಯುವವ, ವೃತ್ತಿನಿಷ್ಠ. ಇದು ಜಾರಿಗೆ ಬರಲು ಇನ್ನೂ ಎಂಟು ವರ್ಷ ಹಿಡಿಯಿತು. 2018ರಲ್ಲಿ ಪರಿಷತ್ತು ಮತ್ತೊಮ್ಮೆ ವಜಾಗೊಂಡು ಇನ್ನೊಂದು ಆಡಳಿತ ಮಂಡಳಿ ಬಂದ ಕಾಲದಲ್ಲಿ ಮೂರು ಸಂಪುಟಗಳ ಹೊಸ ಪಠ್ಯಕ್ರಮ ಪ್ರಕಟವಾಯಿತು, 2019ರ ಆಗಸ್ಟಿನಲ್ಲಿ ಸೇರಿದ ತಂಡದಿಂದ ಜಾರಿಯಾಯಿತು. ಪರಿಷತ್ತು ಬಲವಾಗಿದ್ದಾಗ ಆಗದ ಕೆಲಸ ಅದು ಬರ್ಖಾಸ್ತಾದಾಗಲೆಲ್ಲ ಆದದ್ದು ಕಾಕತಾಳೀಯವೇ ಇರಬಹುದು.

ಹೊಸ ಸಂಪುಟಗಳನ್ನು ತೆರೆದರೆ ಕೋಷ್ಟಕಗಳೇ ಕೋಷ್ಟಕಗಳು. ಪ್ರತಿ ಸಾಮರ್ಥ್ಯಕ್ಕೂ ಒಂದು ಸಂಖ್ಯೆ. ಅದು ಜ್ಞಾನವೋ, ಕೌಶಲವೋ, ಮನೋಭಾವವೋ, ಸಂವಹನವೋ ಎಂಬ ಗುರುತು. ಮಿಲ್ಲರನ ಯಾವ ಮೆಟ್ಟಿಲು ಎಂಬ ಅಕ್ಷರ. ಕಡ್ಡಾಯವೇ ಎಂಬ ಟಿಪ್ಪಣಿ. ಕೊನೆಗೆ, ಎಷ್ಟು ಬಾರಿ ಮಾಡಿದರೆ ಪ್ರಮಾಣೀಕರಿಸಬಹುದು ಎಂಬ ಅಂಕಿ. ಮೊದಲ ವರ್ಷದಿಂದಲೇ ರೋಗಿಗಳ ಪರಿಚಯ, ವಿಷಯಗಳ ಜೋಡಣೆ, ವಿದ್ಯಾರ್ಥಿಯೇ ಆಯ್ದುಕೊಳ್ಳುವ ಐಚ್ಛಿಕ ಅವಧಿ ಇವೆಲ್ಲ ಸೇರಿದವು. ನನ್ನ ಮಟ್ಟಿಗೆ ಇವುಗಳಲ್ಲಿ ಹೆಚ್ಚು ಬೆಲೆಯುಳ್ಳದ್ದು ‘ಏಟ್‌ಕಾಮ್’ ಎಂದು ಕರೆಯುವ, ಮನೋಭಾವ, ನೀತಿ, ಸಂವಹನಗಳ 27 ಪಾಠಗಳ ಸರಣಿ. ರೋಗಿಯಾಗಿರುವುದೆಂದರೇನು ಎಂಬುದು ಅದರ ಆರಂಭದ ಪಾಠಗಳಲ್ಲೊಂದು, ಶವಚ್ಛೇದನದ ದೇಹವೇ ಮೊದಲ ಗುರು ಎಂಬುದು ಇನ್ನೊಂದು.

ಎಂಬಿಬಿಎಸ್‌ನ ಆರಂಭದಲ್ಲೇ ನಡೆಯುವ 2019ರ ಬುನಾದಿ ಕೋರ್ಸು ಒಂದು ತಿಂಗಳದಾಗಿದ್ದು, ಅದರ 175 ಗಂಟೆಗಳಲ್ಲಿ 40 ಗಂಟೆಗಳನ್ನು ಸ್ಥಳೀಯ ಭಾಷೆ, ಇಂಗ್ಲಿಷ್ ಮತ್ತು ಕಂಪ್ಯೂಟರ್ ಬಳಕೆಗೆ ಮೀಸಲಿಟ್ಟಿತ್ತು. ಹೊರರಾಜ್ಯಗಳಿಂದ ಹೆಚ್ಚು ವಿದ್ಯಾರ್ಥಿಗಳು ಬಂದು ಸೇರುವ ಕರ್ನಾಟಕದ ಕಾಲೇಜುಗಳಲ್ಲಿ ಇದು ಸಣ್ಣ ವಿಷಯವಲ್ಲ. ‘ಊಟ ಆದ್ಮೇಲೆ ಸಂಕಟ ಆಗ್ತದೆ ಡಾಕ್ಟ್ರೇ’ ಎಂದು ಹೇಳುವ ಹೆಂಗಸಿಗೆ ವಾಕರಿಕೆಯೋ, ಎದೆಯುರಿಯೋ, ಎದೆನೋವೋ, ಬರೀ ಮನಸ್ಸಿನ ಕಳವಳವೋ ಎಂಬುದನ್ನು ಬಿಡಿಸಿ ಕೇಳಲು ಕನ್ನಡ ಬಲ್ಲವನಿಗೇ ಎರಡು ಮೂರು ಮರುಪ್ರಶ್ನೆ ಬೇಕು. ಬಿಳಿ ಸೆರಗು, ಮೈ ನಂಜು, ದಮ್ಮು, ಕೈಕಾಲು ಜೋಮು ಇವನ್ನೆಲ್ಲ ನಿಘಂಟಿನಿಂದ ಕಲಿಯಲಾಗದು. ನರ್ಸಮ್ಮನನ್ನು ದುಭಾಷಿಯಾಗಿ ನಿಲ್ಲಿಸಿಕೊಂಡು ಬರೆದ ಕೇಸ್ ಶೀಟಿನಲ್ಲಿ ಇದು ಕಾಣುವುದಿಲ್ಲ. ಅದೂ ಹಾಸಿಗೆಯ ಪಕ್ಕದಲ್ಲಿ ನಿಂತವರಿಗಷ್ಟೇ ಕಾಣುವ ಸಂಗತಿ.

ಈ ಎಲ್ಲವನ್ನೂ ಅಳೆಯಲು ಹೊಸ ವ್ಯವಸ್ಥೆ ಆಯ್ದುಕೊಂಡ ಸಾಧನ ಲಾಗ್‌ಬುಕ್. ಪ್ರತಿ ಕೌಶಲದ ಮುಂದೆ ದಿನಾಂಕ, ಮೊದಲ ಯತ್ನವೋ ಮರುಯತ್ನವೋ, ನಿರೀಕ್ಷೆಗಿಂತ ಕೆಳಗೋ ಸಮವೋ ಮೇಲೋ, ಮುಗಿಯಿತೋ ಮತ್ತೆ ಮಾಡಬೇಕೋ, ಅಧ್ಯಾಪಕರ ಸಹಿ, ವಿದ್ಯಾರ್ಥಿಗೆ ಹಿಮ್ಮಾಹಿತಿ ಸಿಕ್ಕಿತೆಂಬುದಕ್ಕೆ ಅವನದೇ ಸಹಿ, ಇಷ್ಟು ಅಂಕಣಗಳು. ಕಲ್ಪನೆಯಲ್ಲಿ ದೋಷವಿಲ್ಲ. ಲೆಕ್ಕ ಹಾಕಿದರೆ ಮಾತ್ರ ತೊಡಕು ತಿಳಿಯುತ್ತದೆ: 150 ವಿದ್ಯಾರ್ಥಿಗಳ ತಂಡದಲ್ಲಿ ಒಬ್ಬೊಬ್ಬರನ್ನು ಒಂದೇ ಒಂದು ಕೌಶಲಕ್ಕೆ ಹತ್ತು ನಿಮಿಷ ನೋಡಿ, ತಪ್ಪು ತಿದ್ದಿ, ಸಹಿ ಹಾಕಲು 25 ಗಂಟೆ ಬೇಕು, 250 ಮಂದಿ ಇದ್ದರೆ 41 ಗಂಟೆ ದಾಟುತ್ತದೆ. ಅದೇ ಅಧ್ಯಾಪಕರು ಹೊರರೋಗಿ ವಿಭಾಗ ನೋಡಬೇಕು, ಶಸ್ತ್ರಚಿಕಿತ್ಸೆ ಮಾಡಬೇಕು, ಸ್ನಾತಕೋತ್ತರ ವಿದ್ಯಾರ್ಥಿಗಳ ಪ್ರಬಂಧ ತಿದ್ದಬೇಕು. ಇಂಟರ್ನಲ್ಸ್ ಹತ್ತಿರ ಬಂದಾಗ ವಿಭಾಗದ ಮೇಜಿನ ಮೇಲೆ ಲಾಗ್‌ಬುಕ್ಕುಗಳ ರಾಶಿ ಬಿದ್ದು, ಆರು ತಿಂಗಳ ಸಹಿಗಳು ಒಂದೇ ಮಧ್ಯಾಹ್ನ, ಒಂದೇ ಪೆನ್ನಿನಲ್ಲಿ ಬೀಳುವುದು ಇದರಿಂದಲೇ. 2014ರಲ್ಲಿ ದೇಶದಲ್ಲಿ 387 ಕಾಲೇಜುಗಳಿದ್ದವು. ಹತ್ತು ವರ್ಷಗಳಲ್ಲಿ ಅವು 700 ದಾಟಿದವು, ಎಂಬಿಬಿಎಸ್ ಸೀಟುಗಳು ಲಕ್ಷ ಮೀರಿದವು. ಒಬ್ಬೊಬ್ಬ ವಿದ್ಯಾರ್ಥಿಯನ್ನೂ ಕಣ್ಣಾರೆ ನೋಡಬೇಕೆನ್ನುವ ಪಠ್ಯಕ್ರಮ ಮತ್ತು ನೋಡುವವರ ಕೊರತೆಯನ್ನು ಹೆಚ್ಚಿಸುವ ವಿಸ್ತರಣೆ ಒಂದೇ ದಶಕದಲ್ಲಿ ಬಂದದ್ದು ನಮ್ಮ ಯೋಜನೆಯ ಸೊಗಸು.

ಮೊದಲ ತಂಡದ ಗ್ರಹಚಾರವೂ ನೆಟ್ಟಗಿರಲಿಲ್ಲ. ಸೇರಿದ ಏಳೆಂಟು ತಿಂಗಳಲ್ಲಿ ಕೋವಿಡ್ ಬಂದು, ರೋಗಿಯೊಂದಿಗೆ ಮೊದಲಿನಿಂದಲೇ ಬೆರೆಯಬೇಕಾದವರು ಮೊಬೈಲ್ ಪರದೆಯ ಮುಂದೆ ಕುಳಿತರು. 2020ರ ಸೆಪ್ಟೆಂಬರ್ 25ರಂದು ಪರಿಷತ್ತಿನ ಜಾಗಕ್ಕೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂದಿತು. ವಿದ್ಯಾರ್ಥಿಗಳು ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ಪಡೆದು ವರ್ಷಗಳ ಕಾಲ ಅವರ ಆರೋಗ್ಯ ಗಮನಿಸುವ ಕಾರ್ಯಕ್ರಮವನ್ನು ಆಯೋಗ ಸೇರಿಸಿತು. 2024ರ ಆಗಸ್ಟ್ 31ರಂದು ಅದು ಹೊರಡಿಸಿದ ಪರಿಷ್ಕೃತ ಮಾರ್ಗಸೂಚಿಯ ನ್ಯಾಯವೈದ್ಯಶಾಸ್ತ್ರ ಭಾಗದಲ್ಲಿ ಸಲಿಂಗ ಸಂಬಂಧಗಳನ್ನು ಲೈಂಗಿಕ ಅಪರಾಧಗಳ ಸಾಲಿಗೆ ಮರಳಿ ಸೇರಿಸಿದ್ದು, ಬುನಾದಿ ಕೋರ್ಸಿನಿಂದ ಅಂಗವೈಕಲ್ಯದ ಪಾಠಗಳನ್ನು ಕೈಬಿಟ್ಟದ್ದು ತೀವ್ರ ವಿರೋಧಕ್ಕೆ ಗುರಿಯಾದವು. ಸೆಪ್ಟೆಂಬರ್ 5ರಂದು ಮಾರ್ಗಸೂಚಿಯನ್ನು ಹಿಂಪಡೆದು, 12ರಂದು ತಿದ್ದಿ ಮತ್ತೆ ಹೊರಡಿಸಲಾಯಿತು. ವಿದ್ಯಾರ್ಥಿಗಳ ಮನೋಭಾವವನ್ನು ಅಳೆಯಹೊರಟ ದಾಖಲೆಯೇ ತನ್ನ ಮನೋಭಾವವನ್ನು ತೋರಿಸಿಕೊಂಡಿತ್ತು.

ಇನ್ನುಳಿದದ್ದು ‘ನೆಕ್ಸ್ಟ್’. 2019ರ ಕಾಯ್ದೆಯ ಪ್ರಕಾರ ದೇಶಕ್ಕೆಲ್ಲ ಒಂದೇ ನಿರ್ಗಮನ ಪರೀಕ್ಷೆ ನಡೆಯಬೇಕು. ವೈದ್ಯವೃತ್ತಿಯ ಪರವಾನಗಿಗೂ ಸ್ನಾತಕೋತ್ತರ ಪ್ರವೇಶಕ್ಕೂ ಅದೇ ಆಧಾರ. 2023ರ ಜೂನ್‌ನಲ್ಲಿ ಪ್ರಕಟವಾದ ನಿಯಮಗಳು ಮೊದಲ ಹಂತದಲ್ಲಿ ಬಹುಆಯ್ಕೆ ಪ್ರಶ್ನೆಗಳನ್ನೂ ಎರಡನೆಯ ಹಂತದಲ್ಲಿ ಪ್ರಾಯೋಗಿಕ ಪರೀಕ್ಷೆಯನ್ನೂ ಇರಿಸಿದ್ದವು. ಮರುತಿಂಗಳೇ ಅದನ್ನು ಮುಂದೂಡಲಾಯಿತು. ಹೀಗಾಗಿ ಹೊಸ ಪಠ್ಯಕ್ರಮದ ಮೊದಲ ತಂಡದವರು 2024ರಲ್ಲಿ ಅಂತಿಮ ವರ್ಷದ ಲಾಂಗ್ ಕೇಸ್ ದಾಟಿ, ಇಂಟರ್ನ್‌ಶಿಪ್ ಮುಗಿಸಿ, ಸ್ನಾತಕೋತ್ತರ ಸೀಟಿಗಾಗಿ ಬರೆದದ್ದು ಅವರ ಸೀನಿಯರುಗಳು ಬರೆದ ನೀಟ್-ಪಿಜಿಯನ್ನೇ: ಮೂರೂವರೆ ಗಂಟೆ, 200 ಪ್ರಶ್ನೆ, ಪ್ರತಿಯೊಂದಕ್ಕೂ ನಾಲ್ಕು ಆಯ್ಕೆ. ಇಂಟರ್ನ್‌ಶಿಪ್‌ನ ವರ್ಷದಲ್ಲಿ ವಾರ್ಡಿನ ಕೆಲಸದ ನಡುವೆ ಕೋಚಿಂಗ್ ಆ್ಯಪ್ ತೆರೆದು ಕೂರುವ ಕಿರಿಯ ವೈದ್ಯರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ಅವರ ಬ್ಯಾಗಿನಲ್ಲಿರುವ ಲಾಗ್‌ಬುಕ್ಕನ್ನು ಆ ಪರೀಕ್ಷೆಯ ಬಾಗಿಲಲ್ಲಿ ಯಾರೂ ಕೇಳುವುದಿಲ್ಲ.