ಚೀನಾ ರೇಷ್ಮೆ, ರಾಮನಗರದ ಗೂಡು

ರಾಮನಗರ, ಶಿಡ್ಲಘಟ್ಟದ ಮಾರುಕಟ್ಟೆಗಳಲ್ಲಿ ರೇಷ್ಮೆ ಗೂಡಿನ ಬೆಲೆ ಬಿದ್ದಾಗ ಬೆರಳು ಹೆಚ್ಚಾಗಿ ಚೀನಾ ಕಡೆಗೇ ತಿರುಗುತ್ತದೆ. ಈ ದೂರು ಹೊಸದಲ್ಲ. 1930ರ ದಶಕದಲ್ಲೇ ಚೀನಾ, ಜಪಾನಿನ ಅಗ್ಗದ ರೇಷ್ಮೆ ಮೈಸೂರು ಸೀಮೆಯ ಬೆಳೆಗಾರರನ್ನು ಕಂಗೆಡಿಸಿತ್ತು. ಆಮದು ಸುಂಕದ ಬಗ್ಗೆ ಸರ್ಕಾರಕ್ಕೆ ಸಲಹೆ ಕೊಡುವ ಟಾರಿಫ್ ಬೋರ್ಡ್ ವಿಚಾರಣೆ ಮಾಡಿತು. 1934ರಲ್ಲಿ ರಕ್ಷಣೆಯ ಸುಂಕ ಬಂತು. ಆದರೂ ಉದ್ಯಮಕ್ಕೆ ಕಳೆ ಬಂದದ್ದು ಎರಡನೇ ಮಹಾಯುದ್ಧದಲ್ಲಿ, ಪ್ಯಾರಾಚೂಟ್‌ಗೆ ರೇಷ್ಮೆ ಬೇಕಾದಾಗ.

ಅಗ್ಗದ ಮಾಲೆಲ್ಲ ಡಂಪಿಂಗ್ ಅಲ್ಲ. ತನ್ನ ದೇಶದೊಳಗಿನ ಬೆಲೆಗಿಂತ ಕಡಿಮೆಗೆ ಹೊರದೇಶಕ್ಕೆ ಮಾರಿದರೆ ಮಾತ್ರ ಅದು ಡಂಪಿಂಗ್. ಇದರ ವಿರುದ್ಧ ಮೊದಲು ಕಾನೂನು ತಂದದ್ದು ಕೆನಡಾ, 1904ರಲ್ಲಿ. ಭಾರತ ಮೊದಲ ತನಿಖೆಗೆ ಕೈ ಹಾಕಿದ್ದು 1992ರಲ್ಲಿ. ಅಲ್ಲಿಯವರೆಗೆ ಅದರ ಅಗತ್ಯವೂ ಅಷ್ಟಿರಲಿಲ್ಲ. ಹೆಚ್ಚಿನ ಮಾಲು ಲೈಸೆನ್ಸ್ ಇಲ್ಲದೆ ಬಂದರು ದಾಟುತ್ತಲೇ ಇರಲಿಲ್ಲ ಅಲ್ವಾ?

ದೂರು ಕೊಡುವುದೂ ಸುಲಭವಲ್ಲ. ಅದನ್ನು ಬೆಂಬಲಿಸುವವರು ದೇಶದ ಉತ್ಪಾದನೆಯಲ್ಲಿ ಶೇ 25ರಷ್ಟನ್ನಾದರೂ ಮಾಡುತ್ತಿರಬೇಕು. ನಷ್ಟ ಆಗಿದೆ, ಆ ಆಮದಿನಿಂದಲೇ ಆಗಿದೆ ಎಂದು ಲೆಕ್ಕಪತ್ರ ತೋರಿಸಬೇಕು. ದೊಡ್ಡ ಉಕ್ಕಿನ ಕಂಪನಿಗೆ ಇದು ಕಷ್ಟವೇನಲ್ಲ. ಚರಕದ ಮುಂದೆ ಕೂತು ನೂಲು ಬಿಚ್ಚುವ ರೀಲರ್ ಯಾವ ಲೆಡ್ಜರ್ ತರಬೇಕು?

ಆದರೂ 2003ರಲ್ಲಿ ಚೀನಾದ ಹಿಪ್ಪುನೇರಳೆ ಕಚ್ಚಾ ರೇಷ್ಮೆಯ ಮೇಲೆ, ಗುಣಮಟ್ಟದಲ್ಲಿ 2ಎ ಮತ್ತು ಅದಕ್ಕಿಂತ ಕೆಳಗಿನ ದರ್ಜೆಗೆ, ಸುರಿ ವಿರೋಧಿ ಸುಂಕ, ಅಂದರೆ ಡಂಪಿಂಗ್ ತಡೆಯುವ ಸುಂಕ, ಬಂತು. ಅದನ್ನು ಕಟ್ಟಿದ ರೀತಿ ನೋಡಿ. ಕಿಲೋಗೆ 27.97 ಡಾಲರ್ ಎಂದು ಒಂದು ಗುರುತು ಬೆಲೆ ಹಾಕಿದರು. ಮಾಲು ಅದಕ್ಕಿಂತ ಕಡಿಮೆಗೆ ಬಂದರೆ ಆ ವ್ಯತ್ಯಾಸವೇ ಸುಂಕ. ಆಮದುದಾರ ಬಿಲ್ಲಿನಲ್ಲಿ ಬೆಲೆ ಏರಿಸಿ ಬರೆಸಿಕೊಂಡರೆ ಈ ಸುಂಕ ಸೊನ್ನೆ! ನನಗೆ ಕಾಣುವಂತೆ ಇದು ಬೇಲಿಯಲ್ಲೇ ಬಿಟ್ಟ ಕಂಡಿ.

ಇನ್ನೊಂದು ಕಡೆ ನೇಕಾರರಿದ್ದರು. ಪವರ್‌ಲೂಮಿನ ವೇಗಕ್ಕೆ ಹಾಸಿನ (ಉದ್ದಕ್ಕೆ ಬಿಗಿದ) ನೂಲು ಕಡಿಯದೆ ನಿಲ್ಲಬೇಕು. ಒಂದೇ ಸಮನಾದ ಚೀನಾ ಬೈವೋಲ್ಟೀನ್ (ವರ್ಷಕ್ಕೆ ಎರಡು ಪೀಳಿಗೆಯ ಹುಳು ತಳಿ) ನೂಲು ಇದಕ್ಕೆ ಒಗ್ಗುತ್ತಿತ್ತು. ನಮ್ಮಲ್ಲಿ ಜಾಸ್ತಿ ಬೆಳೆಯುತ್ತಿದ್ದುದು ಮಿಶ್ರತಳಿ ಗೂಡು. ರೀಲರ್‌ಗೆ ರಕ್ಷಣೆಯಾದ ಸುಂಕ ಬನಾರಸಿನ ನೇಕಾರನಿಗೆ ಖರ್ಚು. ನೂಲಿಗೆ ತಡೆ ಹಾಕಿದರೆ ಬಟ್ಟೆಯೇ ಬರುತ್ತದೆ. 2006ರಲ್ಲಿ ಚೀನಾ ರೇಷ್ಮೆ ಬಟ್ಟೆಗೂ ಇದೇ ಬಗೆಯ ಸುಂಕ ಹಾಕಬೇಕಾಯಿತು.

ನಿಜವಾದ ಪೆಟ್ಟು ಬಿದ್ದದ್ದು 2011ರ ಬಜೆಟ್‌ನಲ್ಲಿ. ಕಚ್ಚಾ ರೇಷ್ಮೆಯ ಮೂಲ ಆಮದು ಸುಂಕ ಶೇ 30ರಿಂದ ಒಮ್ಮೆಲೇ ಶೇ 5ಕ್ಕೆ ಇಳಿಯಿತು. ಗೂಡಿನ ಬೆಲೆ ಕುಸಿಯಿತು, ಬೆಳೆಗಾರರು ಬೀದಿಗಿಳಿದರು. 2013ರಲ್ಲಿ ಅದನ್ನು ಶೇ 15ಕ್ಕೆ ಏರಿಸಿದರು. ಆಮೇಲೆ ಮತ್ತೆ ಶೇ 10ಕ್ಕೆ ಇಳಿಸಿ, 2021ರಲ್ಲಿ ಪುನಃ ಶೇ 15 ಮಾಡಿದರು. ಸುರಿ ವಿರೋಧಿ ಸುಂಕಕ್ಕೆ ತನಿಖೆ, ಸಾಕ್ಷ್ಯ, ಐದು ವರ್ಷಗಳ ಅವಧಿ ಎಲ್ಲ ಇದೆ. ಬಜೆಟ್ ಸುಂಕಕ್ಕೆ ಹಣಕಾಸು ಮಂತ್ರಿಯ ಭಾಷಣದ ಒಂದು ಸಾಲು ಸಾಕು.